ಒಂದೇ ನಂಬರಿನ ಎರಡು ಚಷ್ಮಾ

ತಾನೇ ಬಿಟ್ಟಿ ಕೊಟ್ಟು ಕಳಿಸಿದ ಆಟಗಾರನನ್ನು ಎರಡು ವರ್ಷದ ಮೇಲೆ ತಾನೇ ದುಡ್ಡು ಸುರಿದು ವಾಪಸ್ಸು ತರುವ ಕ್ಲಬ್ಬಿನ ಮೇಲೆ ಒಬ್ಬ ಮನುಷ್ಯ ಎಷ್ಟು ಹೊತ್ತು ಸಿಟ್ಟಾಗಿರಬಹುದು? ಇಳಕಲ್ಲಿನ ಫಾರೂಕನ ಅನುಭವದಲ್ಲಿ ಒಂದು ಬೆಳಗಿನ ಚಹಾದಿಂದ ಮರುದಿನ ಬೆಳಗಿನ ಚಹಾದವರೆಗೆ. ನಡುವೆ ಅಂಗಡಿಗೆ ಹೋಗಿ ಬಂದ ಹೊತ್ತೂ ಅದರಲ್ಲಿ ಸೇರಿದೆ.

ಫಾರೂಕನದು ಬಸ್ ನಿಲ್ದಾಣದ ಹತ್ತಿರ ಚಷ್ಮಾದ ಅಂಗಡಿ. ವಯಸ್ಸು ನಲವತ್ತು. ಊರ ಜನರ ದೃಷ್ಟಿ ತಿದ್ದುವುದು ವೃತ್ತಿ, ಇಂಗ್ಲೆಂಡಿನ ವೆಸ್ಟ್ ಹಾರ್ಟನ್ ಎಂಬ ಫುಟ್‌ಬಾಲ್ ಕ್ಲಬ್ಬನ್ನು ತಿದ್ದುವುದು ಪ್ರವೃತ್ತಿ. ಹದಿನೈದು ವರ್ಷದಿಂದ ಅವನು ಆ ಕ್ಲಬ್ಬಿನ ಅಭಿಮಾನಿ. ಈ ಅವಧಿಯಲ್ಲಿ ಕ್ಲಬ್ಬು ಒಂದು ಕಪ್ಪನ್ನೂ ಗೆದ್ದಿಲ್ಲ. (ಒಮ್ಮೆ ಶಿಸ್ತಿನ ಆಟಕ್ಕೆಂದು ಒಂದು ಫಲಕ ಬಂದಿತ್ತು. ಫಾರೂಕ ಅದನ್ನು ಕಪ್ಪಿನ ಲೆಕ್ಕಕ್ಕೆ ಹಿಡಿಯುವುದಿಲ್ಲ.) ಇಳಕಲ್ಲಿನಲ್ಲಿ ಆ ಕ್ಲಬ್ಬಿಗೆ ಒಬ್ಬನೇ ಅಭಿಮಾನಿ, ಆ ಅಭಿಮಾನಿಗೆ ಒಬ್ಬಳೇ ಶ್ರೋತೃ. ಅವಳು ಹೆಂಡತಿ ಅಫ್ಸಾನಾ. ಆ ಜೂನ್ ತಿಂಗಳ ಬೆಳಿಗ್ಗೆ ಅವಳು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದಳು.

"ಡೊನೆಲಿನ್ನ ಬಿಟ್ಟಿ ಕಳಸಿದ್ರು. ಬಿಟ್ಟಿ. ಈಗ ನಲವತ್ತು ಮಿಲಿಯನ್ ಪೌಂಡ ಕೊಟ್ಟು ಅದ ಡೊನೆಲಿನ್ನ ತರ್ತಾರಂತ," ಎಂದ ಫಾರೂಕ.

"ಅಂವ ಈಗ ಚೊಲೊ ಆಡ್ತಿರಬೇಕು."

"ಈಗ ಅವಗ ಮೊಣಕಾಲ ನೋವು."

"ಹಂಗಾರ ಪಾಪ, ಮನಿಗೆ ಬರ್ಲಿ ಬಿಡ್ರಿ."

ಫಾರೂಕ ಚಹಾದ ಬಸಿಯನ್ನು ಕೆಳಗಿಟ್ಟ. ಬೇಸಿಗೆಯಲ್ಲಿ ಆಟಗಾರರನ್ನು ಕೊಳ್ಳುವುದು ಹೇಗೆ ಎಂಬ ವಿಷಯದಲ್ಲಿ ಅವನಿಗೆ ಮೂರು ಸಿದ್ಧಾಂತಗಳಿದ್ದವು. ಅಫ್ಸಾನಾಳಿಗೆ ಅವು ಬಾಯಿಪಾಠವಾಗಿದ್ದರೂ ಅವನು ಇನ್ನೊಮ್ಮೆ ವಿವರಿಸಿದ. ಬೇಕಾದವನನ್ನು ಜೂನ್ ತಿಂಗಳಲ್ಲೇ ಗಟ್ಟಿ ಮಾಡಿ ಮುಗಿಸಬೇಕು, ಆಗಸ್ಟ್ ಕೊನೆಯ ದಿನದವರೆಗೆ ಎಳೆಯಬಾರದು. ಯಾರು ಕೊಳ್ಳುತ್ತಿದ್ದಾರೆ ಎಂಬ ಸುದ್ದಿ ಹೊರಗೆ ಬೀಳಬಾರದು. ಎದುರಿಗೆ ಯಾರಿದ್ದಾರೆಂದು ತಿಳಿಯದೆ ಬೆಲೆ ಏರಿಸಬಾರದು.

"ಇಷ್ಟ ಬುದ್ಧಿ ಆ ಮಾಲಕಗ ಇಲ್ಲ. ನನ್ನ ಕೈಯಾಗ ಒಂದ ಸಲ ಕೊಟ್ಟು ನೋಡಬೇಕು ಅವರು."

ಅಫ್ಸಾನಾ ಬೇಳೆಯಿಂದ ಒಂದು ಹರಳು ಆರಿಸಿ ಬದಿಗಿಟ್ಟಳು.

"ಅವರು ಕೊಡೋ ಹಂಗ ಕಾಣೂದಿಲ್ಲ. ನಾ ಕೊಡ್ತೇನಿ ತಗೋರಿ. ಅಯಾನನ ವಲೀಮಾಕ್ಕ ಬಾವರ್ಚಿನ್ನ ನೀವ ಗಟ್ಟಿ ಮಾಡ್ರಿ."

ಅಯಾನ ಫಾರೂಕನ ತಮ್ಮ, ಬಾಗಲಕೋಟೆಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ. ಸೆಪ್ಟೆಂಬರಿನ ಮೊದಲ ರವಿವಾರ ಅವನ ಮದುವೆಯ ಊಟ, ಎಂದರೆ ವಲೀಮಾ, ಗಂಡಿನ ಮನೆಯವರಾದ ಇವರ ಹೊಣೆ. ಆರುನೂರು ಜನ ಬರುವವರಿದ್ದರು. ಆ ಆರುನೂರರಲ್ಲಿ ಕಡಿಮೆಯೆಂದರೂ ಮುನ್ನೂರು ಜನ ಹದಿನೈದು ವರ್ಷದ ಹಿಂದೆ ಫಾರೂಕನ ವಲೀಮಾದಲ್ಲೂ ಉಂಡವರು. ಉಂಡವರು ಎನ್ನುವುದಕ್ಕಿಂತ ಅಗಿದವರು ಎನ್ನುವುದು ಸರಿ. ಅಂದು ಅಡುಗೆಯ ಬಾವರ್ಚಿಯನ್ನು ಗೊತ್ತು ಮಾಡಿದವನು ಮದುಮಗನೇ. ಬಾವರ್ಚಿ ಎರಡು ತಾಸು ತಡವಾಗಿ ಬಂದ, ಬಿರಿಯಾನಿಯ ಅಕ್ಕಿ ಅರೆಬೆಂದೇ ಪಂಕ್ತಿಗೆ ಬಂತು, ಇಡೀ ಮಂಟಪದಲ್ಲಿ ಮಾತು ನಿಂತು ಹಲ್ಲಿನ ಸದ್ದೊಂದೇ ಉಳಿಯಿತು. ಈಗಲೂ ಮದುವೆಯ ಮನೆಗಳಲ್ಲಿ ಯಾರಾದರೊಬ್ಬರು ಮೊದಲ ತುತ್ತು ಬಾಯಿಗಿಟ್ಟು, "ಫಾರೂಕನ ವಲೀಮಾ ಆಗಿಲ್ಲ ಬಿಡು," ಎಂದು ಮೆಚ್ಚುಗೆ ಸೂಚಿಸುವುದುಂಟು.

"ಆಗಸ್ಟ್ ಮೂವತ್ತೊಂದರೊಳಗ ಒಬ್ಬ ಚೊಲೊ ಬಾವರ್ಚಿನ್ನ ನೀವು ಗಟ್ಟಿ ಮಾಡಿದ್ರಂದ್ರ, ನಿಮ್ಮ ಕ್ಲಬ್ಬಿಗೆ ಎಷ್ಟ ಬೇಕಾದಷ್ಟು ಬೈರಿ, ನಾ ಕೂತು ಕೇಳ್ತೇನಿ," ಎಂದಳು ಅಫ್ಸಾನಾ. "ಆಗಲಿಲ್ಲಂದ್ರ ಈ ಸೀಜನ್ ಮುಗಿಯೂತನ ಅದರ ಸುದ್ದಿ ಈ ಮನ್ಯಾಗ ತಗೀಬಾರದು."

"ಒಂದ ಮಾತೂ?"

"ಉಸರು ಬಿಟ್ರೂ ಲೆಕ್ಕಕ್ಕ."

ಕ್ಲಬ್ಬು ಸೋತರೆ ಸಹಿಸಬಹುದು. ಸೋತ ಕ್ಲಬ್ಬಿಗೆ ಬೈಯದೆ ಬದುಕುವುದು ಹೇಗೆಂದು ಫಾರೂಕನಿಗೆ ತಿಳಿಯದು. ಆದರೂ ಒಪ್ಪಿದ. ಸೋಲುವ ಸಂಭವ ಅವನ ಕಣ್ಣಿಗೆ ಕಾಣಲೇ ಇಲ್ಲ.

ಜೂನ್ ತಿಂಗಳ ಕೊನೆಯ ವಾರ ಅಫ್ಸಾನಾ ಹುನಗುಂದದ ತವರಿಗೆ ಹೋಗಿ ಎರಡು ದಿನ ಇದ್ದು ಬಂದಳು. ಫಾರೂಕ ಆಗಿನ್ನೂ ಶೋಧದಲ್ಲಿದ್ದ. ಜೂನಿನಲ್ಲೇ ಮುಗಿಸಬೇಕೆಂಬ ಮೊದಲ ಸಿದ್ಧಾಂತ ನಿಜವೇ, ಆದರೆ ಪರಿಶೀಲಿಸದೆ ಕೊಳ್ಳುವುದು ವೆಸ್ಟ್ ಹಾರ್ಟನ್ನಿನ ಪದ್ಧತಿ, ತನ್ನದಲ್ಲ. ಒಂದು ನೂರು ಪುಟದ ನೋಟ್‌ಬುಕ್ಕು ಕೊಂಡು ಅದರಲ್ಲಿ ಗೆರೆ ಎಳೆದ. ಅನ್ನ ಬಿಡಿಬಿಡಿಯಾಗಿದೆಯೇ, ಉಪ್ಪು, ಜತೆಗಿನ ದಾಲ್ಚಾ ಸಾರಿನ ಹದ, ಮೂರನೆಯ ಪಂಕ್ತಿಯ ಹೊತ್ತಿಗೆ ಮಸಾಲೆಯ ದಮ್ಮು ಉಳಿದಿದೆಯೇ, ಒತ್ತಡದಲ್ಲಿ ಬಾವರ್ಚಿಯ ವರ್ತನೆ. ಜುಲೈಯಲ್ಲಿ ಕರೆದ ಊಟಗಳಿಗೆಲ್ಲ ಹೋದ. ಕರೆಯದ ಎರಡಕ್ಕೂ ಹೋದ. ಬಾಗಲಕೋಟೆಯ ಬಾವರ್ಚಿಗೆ ಮೊದಲ ಪಂಕ್ತಿಯಲ್ಲಿ ಎಂಟು ಅಂಕ, ಕೊನೆಯ ಪಂಕ್ತಿಯಲ್ಲಿ ಮೂರು: ಷರಾ, "ಕಸುವು ಸಾಲದು." ಬಾದಾಮಿಯಲ್ಲಿ ಅವನು ನೋಟ್‌ಬುಕ್ಕು ಹಿಡಿದು ಒಲೆಗಳ ನಡುವೆ ಅಡ್ಡಾಡುವುದನ್ನು ಕಂಡ ಬಾವರ್ಚಿ, ತಪಾಸಣೆಗೆ ಬಂದ ಸಾಹೇಬರೆಂದು ತಿಳಿದು ಎಣ್ಣೆಯ ಡಬ್ಬಿಗಳ ಮೇಲೆ ಚಾದರ ಹೊದಿಸಿ ಅದರ ಮೇಲೆ ತಾನೇ ಕೂತುಬಿಟ್ಟ. ಅವನಿಗೆ ಅಂಕವಿಲ್ಲ.

ಜುಲೈ ಮಧ್ಯದಲ್ಲಿ ಹುನಗುಂದದ ಒಂದು ಊಟದಲ್ಲಿ ಫಾರೂಕ ಶಾಬುದ್ದೀನನನ್ನು ಕಂಡ. ಅರವತ್ತು ದಾಟಿದ ಬಡಕಲು ಮನುಷ್ಯ, ಮಾತು ಕಡಿಮೆ. ಬಿರಿಯಾನಿ ಬೇಯುವ ದೇಗದ ಮುಚ್ಚಳ ತೆಗೆದು ನೋಡುತ್ತಿರಲಿಲ್ಲ. ಹತ್ತಿರ ಕಿವಿ ಹಿಡಿದು, ಒಳಗಿನ ಸದ್ದು ಕೇಳಿ, ಒಂದು ಕಟ್ಟಿಗೆ ಎಳೆದು ಬದಿಗೆ ಹಾಕುತ್ತಿದ್ದ. ಐದನೆಯ ಪಂಕ್ತಿಯ ಅನ್ನವೂ ಕಾಳು ಕಾಳಾಗಿ ಎದ್ದು ನಿಂತಿತ್ತು. ಫಾರೂಕ ಒಂಬತ್ತೂವರೆ ಬರೆದ. ಅರ್ಧ ಅಂಕ ಹಿಡಿದದ್ದು ವೃತ್ತಿಯ ಕಾರಣಕ್ಕೆ: ಸಾಮಾನಿನ ಚೀಟಿಯನ್ನು ಶಾಬುದ್ದೀನ ತೋಳು ಪೂರ್ತಿ ಚಾಚಿ ಹಿಡಿದು ಓದುತ್ತಿದ್ದ, ಆಮೇಲೆ ಪಕ್ಕದವನನ್ನು ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದ.

ಎರಡನೆಯ ಸಿದ್ಧಾಂತದ ಪ್ರಕಾರ ಫಾರೂಕ ತಾನೇ ಹೋಗಿ ಕೇಳುವಂತಿರಲಿಲ್ಲ. ನಡುವೆ ಒಬ್ಬ ಏಜೆಂಟ್ ಬೇಕು. ಹುನಗುಂದ ಮತ್ತು ಇಳಕಲ್ಲಿನ ನಡುವೆ ಟಂಟಂ ರಿಕ್ಷಾ ಓಡಿಸುವ ಮೀರಾಸಾಬನನ್ನು ಅಂಗಡಿಗೆ ಕರೆಸಿ, ಒಂದು ಕಪ್ಪು ಚಷ್ಮಾವನ್ನು ಕೈಗಿಟ್ಟು, ಕೆಲಸ ವಿವರಿಸಿದ.

"ಸೆಪ್ಟೆಂಬರ್ ಮೊದಲನೇ ರವಿವಾರ ಅಂತ ಹೇಳು. ಊರು ಹೇಳಬ್ಯಾಡ, ಮನಿ ಹೇಳಬ್ಯಾಡ, ನನ್ನ ಹೆಸರಂತೂ ಬರಲೇಬಾರದು."

"ಯಾಕ್ರಿ ಫಾರೂಕಭಾಯಿ, ಊಟಕ್ಕ ಕರಿಯಾಕ ಏನು ಕದ್ದು ಮುಚ್ಚಿ?" ಎಂದ ಮೀರಾಸಾಬ, ಕಪ್ಪು ಚಷ್ಮಾ ಹಾಕಿಕೊಂಡು ಕನ್ನಡಿ ನೋಡುತ್ತ.

"ನಮಗ ಬೇಕಾಗ್ಯಾನ ಅಂತ ಗೊತ್ತಾದ್ರ ಮಂದಿ ಮುಗಿಬೀಳ್ತಾರ. ನಿನಗ ತಿಳಿಯೂದಿಲ್ಲ ಇದು."

ಮರುದಿನ ಮೀರಾಸಾಬ ಉತ್ತರ ತಂದ. ಆ ರವಿವಾರಕ್ಕೆ ಶಾಬುದ್ದೀನಚಾಚಾ ಆಗಲೇ ಒಂದು ಮನೆ ಹಿಡಿದಿದ್ದಾನೆ. ಯಾದಿಯನ್ನೂ ಹೇಳಿದ್ದಾನೆ.

ಆ ಕಡೆಯ ಬಾವರ್ಚಿಗಳಲ್ಲಿ ಯಾದಿಯೇ ಕರಾರು. ಅಕ್ಕಿ ಇಷ್ಟು, ತುಪ್ಪ ಇಷ್ಟು, ಯಾಲಕ್ಕಿ ಇಷ್ಟು ಎಂದು ಬಾವರ್ಚಿ ಕೂತು ಹೇಳಬೇಕು, ಮನೆಯವರು ಬರೆದುಕೊಳ್ಳಬೇಕು, ಒಂದು ಚಹಾ ಆಗಬೇಕು. ಅಲ್ಲಿಂದ ಮುಂದೆ ಆ ದಿನ ಆ ಮನೆಯದು.

"ಯಾವ ಊರಾಗ ಹಿಡದಾನಂತ?"

"ಇಳಕಲ್ಲದಾಗ ಯಾವದೋ ಮನಿ ಅಂತ. ಹುನಗುಂದದ ಒಬ್ಬ ಅಜ್ಜಿ ಬಂದು ಬರಕೊಂಡು ಹೋಗ್ಯಾಳಂತ. ಬ್ಯಾರೆ ಏನೂ ಹೇಳೂದಿಲ್ಲ ಚಾಚಾ. ಇನ್ನೊಬ್ಬರ ಮನಿ ಸುದ್ದಿ ಯಾಕಂತಾನ."

ತನ್ನ ಊರಲ್ಲೇ, ಅದೇ ದಿನ, ತನ್ನ ಬಾವರ್ಚಿಯನ್ನೇ ಹಾರಿಸಿದ ಒಂದು ಮನೆ ಇದೆ ಎಂಬುದು ಫಾರೂಕನಿಗೆ ಅಪಮಾನವೆನಿಸಿತು. ಅಂಗಡಿಯ ಬಾಗಿಲಲ್ಲಿ ನಿಂತು ರಸ್ತೆಯಲ್ಲಿ ಹೋಗುವ ಪ್ರತಿಯೊಬ್ಬರನ್ನೂ ಅನುಮಾನದಿಂದ ನೋಡಿದ. ಒಪ್ಪಂದವಾದ ಆಟಗಾರ ಮೊದಲು ಬರುವುದಿಲ್ಲ ಎಂದೇ ಹೇಳುತ್ತಾನೆ, ಆಮೇಲೆ ಬರುತ್ತಾನೆ. ಹದಿನೈದು ಬೇಸಿಗೆ ನೋಡಿದವನಿಗೆ ಇಷ್ಟೂ ತಿಳಿಯದೇ?

"ಹೋಗಿ ಬರಾಕ ಕಾರು ಕಳಸ್ತೇವಿ ಅನ್ನು," ಎಂದ.

ಕಾರು ಎಂದಾಗ ಚಾಚಾ ಒಲ್ಲೆ ಎಂದ. ಮೀರಾಸಾಬ ಆ ಒಲ್ಲೆಯನ್ನು ಇಳಕಲ್ಲಿಗೆ ತರುವಾಗ ದಾರಿಯಲ್ಲಿ ಅದು ಸ್ವಲ್ಪ ಬದಲಾಯಿತು.

"ಮನಸ್ಸು ಒಂದೀಟು ಮೆತ್ತಗಾಗೈತ್ರಿ. ನನ್ನ ಸೋದರಳಿಯನ ಕಾರ ಹೇಳೇ ಬಿಟ್ಟೇನಿ, ಹಿಂದ ಸರಿಯೂದು ಬ್ಯಾಡ."

ಅದೇ ವಾರ ಮನೆಯಲ್ಲಿ ಅಫ್ಸಾನಾ, "ವಲೀಮಾದ ದಿನಕ್ಕ ಒಂದು ಕಾರು ಹೇಳಿಡ್ರಿ. ಒಬ್ಬ ಹಿರಿಯರನ್ನ ಕರಕೊಂಡು ಬರೂದೈತಿ," ಎಂದಳು. ಮದುವೆ ಮನೆಯಲ್ಲಿ ಹಿರಿಯರಿಗೆ ಕೊರತೆಯೇ? ಫಾರೂಕ ಹೇಳಿಟ್ಟ.

"ಬಾವರ್ಚಿ ಆತೇನ್ರಿ?" ಎಂದು ಅವಳು ಕೇಳಿದಳು.

"ಮಾತುಕತಿ ನಡದಾವು."

"ನಿಮ್ಮ ಡೊನೆಲಿದು?"

"ಅದೂ ನಡದೈತಿ," ಎಂದ ಫಾರೂಕ ತಿರಸ್ಕಾರದಿಂದ. "ಆ ಮಂದಿ ವಾರಕ್ಕೊಂದ ಮಿಲಿಯನ್ ಏರಸಾಕ ಹತ್ಯಾರ. ಎದುರಿಗೆ ಬ್ಯಾರೆ ಕ್ಲಬ್ಬ ಐತೋ ಇಲ್ಲೋ, ಅದೂ ಗೊತ್ತಿಲ್ಲ."

ಆಗಸ್ಟ್ ಮೊದಲ ವಾರ ಫಾರೂಕ ಚಾಚಾನ ಹೆಂಡತಿಗೆಂದು ಕೆಂಪು ಸೆರಗಿನ ಒಂದು ರೇಷ್ಮೆಯ ಇಳಕಲ್ಲ ಸೀರೆಯನ್ನು ಮೀರಾಸಾಬನ ಕೈಯಲ್ಲಿ ಕಳಿಸಿದ. ಮೀರಾಸಾಬ ಬಂದು, ಸೀರೆ ತಲುಪಬೇಕಾದಲ್ಲಿ ತಲುಪಿದೆ, ಮನಸ್ಸು ಇನ್ನಷ್ಟು ಮೆತ್ತಗಾಗಿದೆ ಎಂದ. ಎಂಟು ದಿನ ಬಿಟ್ಟು ಅಫ್ಸಾನಾ ಮದುವೆಯ ಸೀರೆಗಳ ಗಂಟು ಬಿಚ್ಚಿ, ಕೆಂಪು ಸೆರಗಿನದೊಂದು ತೆಗೆದು ಬೇರೆ ಇಟ್ಟಳು. ಗಂಟಿಗೆ ಒಂದು ಕಡಿಮೆಯಾಯಿತು, ಇನ್ನೊಂದು ತರಬೇಕು ಎಂದಳು. ಫಾರೂಕ ತಂದ. ಮದುವೆ ಎಂದಮೇಲೆ ಸೀರೆ ಎಣಿಸುತ್ತ ಕೂರುವುದು ಗಂಡಸಿಗೆ ಶೋಭೆಯಲ್ಲ.

ಆದರೂ ಚಾಚಾ ಬಗ್ಗಲಿಲ್ಲ. ಆಗಸ್ಟ್ ಇಪ್ಪತ್ತು ದಾಟಿತು. ಫಾರೂಕ ಕೊನೆಯ ಅಸ್ತ್ರ ತೆಗೆದ. ದೂರದ್ದೂ ಹತ್ತಿರದ್ದೂ ಒಂದೇ ಗಾಜಿನಲ್ಲಿ ಕಾಣುವ, ಹಗುರ ಫ್ರೇಮಿನ, ಅಂಗಡಿಯಲ್ಲೇ ಮೇಲ್ದರ್ಜೆಯ ಚಷ್ಮಾ. ಇದನ್ನು ಇಡೀ ಹುನಗುಂದ ತಾಲೂಕಿನಲ್ಲಿ ಎದುರಾಳಿ ಯಾವನೂ ಕೊಡಲಾರ. ಮೀರಾಸಾಬ ಚಾಚಾನ ಕಣ್ಣಿನ ಚೀಟಿಯ ಫೋಟೋ ಹೊಡೆದು ಕಳಿಸಿದ. ಫಾರೂಕ ನಂಬರನ್ನು ಬಾಗಲಕೋಟೆಗೆ, ಗಾಜು ಕಡೆದು ಕೊಡುವವರಿಗೆ ರವಾನಿಸಿದ.

ನಾಲ್ಕನೆಯ ದಿನ ರೊಟ್ಟಿ ಬಡಿಸುತ್ತ ಅಫ್ಸಾನಾ ಒಂದು ಕಾಗದದ ತುಂಡು ಕೊಟ್ಟಳು.

"ಎರಡೂ ಕಡಿ ಕಾಣೋ ಚಷ್ಮಾ ಮಾಡಸ್ರಿ. ಚೊಲೊದ ಇರ್ಲಿ. ಆ ಹಿರಿಯರಿಗೆ."

"ಯಾವ ಹಿರಿಯರು?"

"ಅವರ. ಕಾರಿನವರು."

ಹೆಂಡತಿಯ ಕಡೆಯವರೆಂದು ಫಾರೂಕ ಹೆಚ್ಚು ಕೆದಕಲಿಲ್ಲ, ಚೀಟಿಯ ಫೋಟೋ ಹೊಡೆದು, ಓದಿ ನೋಡದೆಯೇ ಬಾಗಲಕೋಟೆಗೆ ಕಳಿಸಿದ. ಎರಡು ದಿನದ ಮೇಲೆ ಅಲ್ಲಿಂದ ಫೋನು ಬಂತು.

"ಫಾರೂಕಭಾಯಿ, ಒಂದ ನಂಬರ ಎರಡ ಸಲ ಕಳಸೀರಿ. ತಪ್ಪಿ ಬಂದೈತೇನು?"

"ಇಬ್ಬರು ಗಿರಾಕಿ ಅದಾರ. ನೀವು ಸುಮ್ಮ ಕಡೀರಿ," ಎಂದ ಫಾರೂಕ. ಅವನ ಮನಸ್ಸು ಆಗಷ್ಟೇ ಫೋನಿನಲ್ಲಿ ಓದಿದ ಸುದ್ದಿಯ ಮೇಲಿತ್ತು. ವೆಸ್ಟ್ ಹಾರ್ಟನ್ನಿನವರು ಡೊನೆಲಿಗೆ ನಲವತ್ತೆಂಟು ಮಿಲಿಯನ್ನಿಗೆ ಒಪ್ಪಿದ್ದರು. ಅವನಿಗಾಗಿ ಬೇರೆ ಯಾವ ಕ್ಲಬ್ಬೂ ಬೇಡಿಕೆ ಇಟ್ಟಿರಲಿಲ್ಲವೆಂದು ಆಮೇಲೆ ಪತ್ರಿಕೆಗಳು ಬರೆದವು. ಫಾರೂಕ ಆ ವರದಿಯನ್ನು ಇಬ್ಬರು ಗಿರಾಕಿಗಳಿಗೆ ಓದಿ ಹೇಳಿದ. ಒಬ್ಬನಿಗೆ ಕಣ್ಣಿನ ಪರೀಕ್ಷೆ ನಡೆದಿತ್ತು, ಎದ್ದು ಹೋಗುವಂತಿರಲಿಲ್ಲ.

ಆಗಸ್ಟ್ ಮೂವತ್ತೊಂದರ ಮಧ್ಯಾಹ್ನ ಪಾರ್ಸಲ್ ಬಂತು. ಎರಡೂ ಚಷ್ಮಾಗಳನ್ನು ಮೇಜಿನ ಮೇಲಿಟ್ಟು, ಗಾಜು ಸರಿಯಿದೆಯೇ ಎಂದು ನೋಡಲು ಫಾರೂಕ ಒಂದು ಕಡೆ ಮೀರಾಸಾಬನ ಫೋಟೋ, ಇನ್ನೊಂದು ಕಡೆ ಅಫ್ಸಾನಾಳ ಕಾಗದ ಇಟ್ಟುಕೊಂಡ. ಬಲಗಣ್ಣಿಗೆ ಮುಕ್ಕಾಲು. ಬಲಗಣ್ಣಿಗೆ ಮುಕ್ಕಾಲು. ಎಡಗಣ್ಣಿಗೆ ಎರಡೂಕಾಲು, ಅದರ ಜತೆ ಎಪ್ಪತ್ತು ಡಿಗ್ರಿಯ ಸಿಲಿಂಡರ್ ನಂಬರು. ಎಡಗಣ್ಣಿಗೆ ಎರಡೂಕಾಲು, ಎಪ್ಪತ್ತು ಡಿಗ್ರಿ. ಹದಿನೆಂಟು ವರ್ಷದ ವೃತ್ತಿಯಲ್ಲಿ ಅವನು ಇಂಥ ಜೋಡಿಗಣ್ಣು ಕಂಡಿರಲಿಲ್ಲ. ಇಂಥ ಕಣ್ಣು ಹುನಗುಂದ ತಾಲೂಕಿನಲ್ಲಿ ಎರಡು ತಲೆಗಳಲ್ಲಿ ಇರುವುದು ಸಾಧ್ಯವಿಲ್ಲವೆಂದು ಅವನು ಯಾವ ನ್ಯಾಯಾಲಯದಲ್ಲಾದರೂ ಪ್ರಮಾಣ ಮಾಡಿ ಹೇಳಬಲ್ಲವನಾಗಿದ್ದ.

ಕಾರು ನೆನಪಾಯಿತು. ಸೀರೆ ನೆನಪಾಯಿತು. ಹುನಗುಂದದ ಒಬ್ಬ ಅಜ್ಜಿ ನೆನಪಾದಳು. ಹುನಗುಂದದಲ್ಲಿ ಅಜ್ಜಿಯರು ಬಹಳ, ಆದರೆ ಅವರಲ್ಲೊಬ್ಬಳು ಗುಲಾಬಬಿ, ಅವನ ಅತ್ತೆ.

ಅಂಗಡಿಗೆ ಬಾಗಿಲು ಹಾಕಿ ಮನೆಗೆ ಬಂದ. ಒಂದು ಚಷ್ಮಾವನ್ನು ಜೇಬಿನಲ್ಲಿ ಉಳಿಸಿ ಒಂದನ್ನು ಮಾತ್ರ ಅಫ್ಸಾನಾಳ ಕೈಗೆ ಕೊಟ್ಟ.

"ಈ ಹಿರಿಯರು ಯಾರು?"

"ಶಾಬುದ್ದೀನಚಾಚಾ. ನಮ್ಮ ವಲೀಮಾದ ಬಾವರ್ಚಿ," ಎಂದಳು ಅಫ್ಸಾನಾ. "ಇವತ್ತ ಮೂವತ್ತೊಂದು. ನಿಮ್ಮದು ಆಗಲಿಲ್ಲಲ್ಲ, ಅದಕ್ಕ ಹೇಳ್ತೇನಿ."

"ಯಾವಾಗ ಗಟ್ಟಿ ಮಾಡಿದಿ?"

"ಜೂನದಾಗ. ಅಮ್ಮನ ಕಡಿಂದ ಯಾದಿ ಬರಸಿದ್ನಿ. ಜೂನದಾಗ ಮುಗಸಬೇಕು ಅಂತ ನೀವ ಹೇಳಿದ್ರಲ್ಲ. ಹದಿನೈದು ವರ್ಷ ಕೇಳೇನಿ, ಅಷ್ಟೂ ಕಲೀಲಿಲ್ಲಂದ್ರ ಹೆಂಗ?"

"ನನಗ ಯಾಕ ಹೇಳಲಿಲ್ಲ?"

"ಸುದ್ದಿ ಹೊರಗ ಬೀಳಬಾರದು ಅಂತಾನೂ ನೀವ ಹೇಳಿದ್ದು." ಅಫ್ಸಾನಾ ಚಷ್ಮಾದ ಗಾಜನ್ನು ಸೆರಗಿನಿಂದ ಒರೆಸಿದಳು. "ಅಗ್ಗದಾಗ ಮುಗೀತಿತ್ತು. ನಡಬರಕ ಯಾವನೋ ಒಬ್ಬ ಹುಚ್ಚ ಚಾಚಾನ ಬೆನ್ನು ಹತ್ತಿದ. ಹೆಸರಿಲ್ಲ, ಊರಿಲ್ಲ. ಕಾರು ಕಳಸ್ತೇನಿ ಅಂದ, ಸೀರಿ ಕೊಡ್ತೇನಿ ಅಂದ, ಚಷ್ಮಾ ಅಂದ. ಚಾಚಾ ಪಾಪ ಏನೂ ಬೇಡಲಿಲ್ಲ, ನಕ್ಕು ಅಮ್ಮಗ ಹೇಳಿದ ಅಷ್ಟ. ಹೊರಗಿನಾಂವ ಇಷ್ಟು ಕೊಡಾಕ ನಿಂತಾಗ ನಾವು ಕೈ ಕಟ್ಟಿ ಕುಂದ್ರೂದು ಚೊಲೊ ಕಾಣೂದಿಲ್ಲ ಅಂದ್ಲು ಅಮ್ಮ. ಅಂವ ಏನೇನ ಅಂದನೋ ಎಲ್ಲಾ ನಾವೂ ಕೊಟ್ವಿ."

ಫಾರೂಕ ಏನೂ ಹೇಳದೆ ಇರಬಹುದಿತ್ತು. ಆದರೆ ಜೇಬಿನಲ್ಲಿದ್ದ ಚಷ್ಮಾವನ್ನು ಇನ್ನು ಯಾವ ಕಣ್ಣಿಗೂ ಮಾರುವಂತಿರಲಿಲ್ಲ. ತೆಗೆದು ಮೊದಲಿನದರ ಪಕ್ಕದಲ್ಲಿಟ್ಟ.

ಅಫ್ಸಾನಾ ಒಂದನ್ನು ನೋಡಿದಳು, ಇನ್ನೊಂದನ್ನು ನೋಡಿದಳು, ಆಮೇಲೆ ಗಂಡನನ್ನು ನೋಡಿದಳು. ಫೋನು ಎತ್ತಿಕೊಂಡು ಹುನಗುಂದಕ್ಕೆ ಹಚ್ಚಿದಳು.

"ಅಮ್ಮಾ, ಆ ಹುಚ್ಚ ಸಿಕ್ಕಾನ."

ಆ ಕಡೆಯಿಂದ ಗುಲಾಬಬಿಯ ದನಿ ಫಾರೂಕನಿಗೂ ಕೇಳಿಸಿತು. "ಯಾರವ್ವಾ? ಹಿಡಕೊಂಡು ಕೂಡು, ನಾ ಬರ್ತೇನಿ."

"ಎಲ್ಲಿ ಓಡಿ ಹೋಗ್ತಾನ. ನಿನ್ನ ಅಳಿಯಾ."

ಗುಲಾಬಬಿ ಒಂದೇ ಮಾತು ಕೇಳಿದಳು. "ಅಂವ ಕೊಡ್ತೇನಿ ಅಂದ ಸೀರಿ ಎಲ್ಲೈತಿ? ಚಾಚಾನ ಮನಿಗೆ ನಮ್ಮದೊಂದ ಬಂದೈತಿ."

ಅದಕ್ಕೆ ಉತ್ತರ ವಲೀಮಾದ ದಿನ ಸಿಕ್ಕಿತು. ಮೀರಾಸಾಬ ಸಂಸಾರ ಸಮೇತ ಬಂದಿದ್ದ. ಅವನು ಕಪ್ಪು ಚಷ್ಮಾ ಹಾಕಿದ್ದ, ಅವನ ಹೆಂಡತಿ ಕೆಂಪು ಸೆರಗಿನ ಸೀರೆ ಉಟ್ಟಿದ್ದಳು. ಅದು ಅವಳಿಗೆ ಒಪ್ಪುತ್ತಿತ್ತು.

ಅಂದು ಬೆಳಿಗ್ಗೆ ಹುನಗುಂದದಿಂದ ಎರಡು ಕಾರು ಬಂದವು. ಮೊದಲನೆಯದರಲ್ಲಿ ಶಾಬುದ್ದೀನ, ಎರಡನೆಯದರಲ್ಲಿ ಅವನ ಸೌಟು. ಮೊದಲೇ ಗೊತ್ತು ಮಾಡಿದ ತನ್ನ ಕಾರನ್ನು ರದ್ದು ಮಾಡಲು ಮೀರಾಸಾಬನ ಸೋದರಳಿಯ ಒಪ್ಪಿರಲಿಲ್ಲ. ಆರುನೂರು ಜನ ಉಂಡರು. ಐದನೆಯ ಪಂಕ್ತಿಯಲ್ಲೂ ಅನ್ನ ಕಾಳು ಕಾಳಾಗಿತ್ತು. ಮೊದಲ ತುತ್ತಿಗೇ ಒಬ್ಬ ಹಿರಿಯ ಅಭ್ಯಾಸಬಲದಿಂದ, "ಫಾರೂಕನ ವಲೀಮಾ ಆಗಿಲ್ಲ ಬಿಡು," ಎಂದ. ಫಾರೂಕ ಆಗ ಅವನ ಹಿಂದೆಯೇ ದಾಲ್ಚಾ ಬಡಿಸುತ್ತಿದ್ದ.

ಕೊನೆಯ ದೇಗ ಇಳಿದ ಮೇಲೆ ಫಾರೂಕ ಎರಡೂ ಚಷ್ಮಾ ಒಯ್ದು ಶಾಬುದ್ದೀನನ ಮುಂದಿಟ್ಟ. ಚಾಚಾ ಒಂದನ್ನು ಹಾಕಿಕೊಂಡು ಸಾಮಾನಿನ ಚೀಟಿಯನ್ನು ಮೂಗಿನ ಹತ್ತಿರ ತಂದು ಓದಿದ. ದೂರದ ಮಂಟಪವನ್ನೂ ನೋಡಿದ. ತಲೆಯಾಡಿಸಿದ.

"ನನಗ ಒಂದು ಸಾಕು. ಇದನ್ನ ನೀವ ಇಟ್ಕೋರಿ," ಎಂದ. "ಚೊಲೊ ಐತಿ. ದೂರದ್ದೂ ಕಾಣತೈತಿ, ಹತ್ತಿರದ್ದೂ ಕಾಣತೈತಿ."

ಬಾವರ್ಚಿಯನ್ನು ಆಗಸ್ಟ್ ಮೂವತ್ತೊಂದರೊಳಗೆ ಗಟ್ಟಿ ಮಾಡಿದ್ದು ಇದೇ ಮನೆ, ಆದ್ದರಿಂದ ಪಂದ್ಯ ಸಮ ಎಂದು ಫಾರೂಕ ವಾದಿಸಿ ನೋಡಿದ್ದ. ಅಫ್ಸಾನಾ ಅದನ್ನು ಅಮ್ಮನಿಗೆ ಫೋನಿನಲ್ಲಿ ಹೇಳಿ, ಇಬ್ಬರೂ ನಗುವುದನ್ನು ಅವನಿಗೆ ಕೇಳಿಸಿದ್ದಳು.

ಮುಂದಿನ ಶನಿವಾರ ಸಂಜೆ ಐದಕ್ಕೆ ವೆಸ್ಟ್ ಹಾರ್ಟನ್ನಿನ ಆಟವಿತ್ತು. ಫಾರೂಕ ಟೀವಿಯ ಮುಂದೆ ಕೈ ಕಟ್ಟಿ ಕೂತ. ಅಫ್ಸಾನಾ ಪಕ್ಕದಲ್ಲಿ ಮೊರ ಹಿಡಿದು ಕೂತಳು. ಅರವತ್ತನೆಯ ನಿಮಿಷದಲ್ಲಿ, ನಲವತ್ತೆಂಟು ಮಿಲಿಯನ್ನಿನ ಡೊನೆಲಿಗೆ, ಗೋಲಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಗೋಲ್‌ಕೀಪರ್ ಕೆಳಗೆ ಬಿದ್ದಿರುವಾಗ, ಚೆಂಡು ಕಾಲಿಗೇ ಬಂತು. ಅವನು ಅದನ್ನು ಪ್ರೇಕ್ಷಕರ ಮೂರನೆಯ ಸಾಲಿಗೆ ಹೊಡೆದ.

ಫಾರೂಕನ ಬಾಯಿ ತೆರೆಯಿತು. ಅಫ್ಸಾನಾ ಅವನ ಕಡೆ ನೋಡಿದಳು. ಬಾಯಿ ಮುಚ್ಚಿತು. ಒಳಗೆ ಹದಿನೈದು ವರ್ಷದ ಮಾತು ನಿಂತಿತ್ತು. ಅವನು ಮೂಗಿನಿಂದ, ಅತಿ ಜಾಗರೂಕತೆಯಿಂದ, ಸದ್ದಿಲ್ಲದೆ ಉಸಿರು ಬಿಟ್ಟ.

ಅಫ್ಸಾನಾ ಬೇಳೆಯಿಂದ ಒಂದು ಹರಳು ಆರಿಸಿ ಬದಿಗಿಟ್ಟು, ಟೀವಿಯನ್ನು ಕಣ್ಣು ಕಿರಿದು ಮಾಡಿ ನೋಡಿದಳು.

"ಅಂಗಡ್ಯಾಗ ಆ ಎರಡನೇ ಚಷ್ಮಾ ಹಂಗ ಬಿದ್ದೈತಲ್ರಿ," ಎಂದಳು. "ಇವಗ ಕಳಿಸಿ ಬಿಡ್ರಿ."

ಆ ಮನೆಯಲ್ಲಿ ಹದಿನೈದು ವರ್ಷದಲ್ಲಿ ವೆಸ್ಟ್ ಹಾರ್ಟನ್ನಿನ ಬಗ್ಗೆ ಬಂದ ಅತ್ಯುತ್ತಮ ಟೀಕೆ ಅದು. ನಗುವುದೂ ಲೆಕ್ಕಕ್ಕೆ ಬರುತ್ತದೆಯೇ ಎಂದು ಫಾರೂಕನಿಗೆ ಕೇಳಬೇಕೆನಿಸಿತು. ಕೇಳುವಂತಿರಲಿಲ್ಲ.